ನಿಷ್ ಮಾವನ ಬಾಲ

ಮಾನ್ಯ ವಾಚಕ ಮಹಾಶಯರ ಸಮಕ್ಷಮಕ್ಕೆ ಕಥನಕಾರನ ಸವಿನಯ ಅರಿಕೆ: ಜಲಚರಗಳಲ್ಲಿ ಬೃಹತ್ತಮವಾದ ತಿಮಿಂಗಿಲವೂ, ಭೂಚರಗಳಲ್ಲಿ ಅತ್ಯಂತ ಗಲಿಬಿಲಿಯ ಪ್ರಾಣಿಯಾದ ಶ್ರೀಮಾನ್ ಲೋಯೋಲಾ ಡಿನ್ ಎಂಬ ಗೃಹಸ್ಥನೂ ಒಂದೇ ಬೇಸಿಗೆಯಲ್ಲಿ ಪರಸ್ಪರ ಎದುರಾದ ವೃತ್ತಾಂತವನ್ನು ಇಲ್ಲಿ ಯಥಾಮತಿ ನಿರೂಪಿಸಲಾಗಿದೆ. ತಿಮಿಂಗಿಲದ ಪಕ್ಷವನ್ನು ಕೇಳುವ ಅವಕಾಶ ಒದಗಲಿಲ್ಲವಾದ ಕಾರಣ ಕಥೆಯು ಕೊಂಚ ಏಕಪಕ್ಷೀಯವಾಗಿ ತೋರಿದರೆ ಮನ್ನಿಸತಕ್ಕದ್ದು.

ನ್ಯೂಫೌಂಡ್‌ಲ್ಯಾಂಡ್ ದ್ವೀಪದ ತೆಂಕಣ ತೀರದಲ್ಲಿ ಆರಿದೂಟವೆಂಬ ಕೊಲ್ಲಿಯಿದೆ. ಮಂಜಿನಲ್ಲಿ ದಾರಿ ತಪ್ಪಿದ ಯಾವುದೋ ಕಾಲದ ದೋಣಿಯವರು ಮನೆ ಸೇರುವಷ್ಟರಲ್ಲಿ ಊಟ ಆರಿಹೋಗಿತ್ತಂತೆ. ಅದೇ ಹೆಸರು ಊರಿಗೆ ಅಂಟಿಕೊಂಡಿತು. ಅಲ್ಲಿ ಹುಟ್ಟಿದ ಗಂಡಸು ನೆಟ್ಟಗೆ ನಡೆಯುವುದಕ್ಕೆ ಮುಂಚೆಯೇ ದೋಣಿ ನಡೆಸುತ್ತಾನೆಂಬುದು ಊರಿನ ಹೆಮ್ಮೆ. ಆ ಹೆಮ್ಮೆಗೆ ಇದ್ದ ಏಕೈಕ ಕಳಂಕ ಲೋಯೋಲಾ. ದೋಣಿಯ ಹಗ್ಗವನ್ನು ದಡದಿಂದ ಬಿಚ್ಚುವುದೇ ತಡ, ಅವನ ಹೊಟ್ಟೆಯೊಳಗೂ ಏನೋ ಬಿಚ್ಚಿಕೊಳ್ಳುತ್ತಿತ್ತು. ಹಾಗಾಗಿ ಅವನು ‘ಕಿವಿಯ ತೊಂದರೆ’ ಎಂಬ ಗಂಭೀರವಾದ ಸುಳ್ಳಿನ ಆಶ್ರಯದಲ್ಲಿ, ಮೀನು ಸಂಸ್ಕರಿಸುವ ಕಾರ್ಖಾನೆಯ ಸಿಮೆಂಟು ನೆಲದ ಮೇಲೆ ತನ್ನ ಯೌವನವನ್ನು ಕಳೆದಿದ್ದ. ಸಿಮೆಂಟು ಅಲುಗುವುದಿಲ್ಲ, ಅದಕ್ಕಿಂತ ದೊಡ್ಡ ಗುಣವನ್ನು ಅವನು ಯಾವ ವಸ್ತುವಿನಲ್ಲೂ ನಿರೀಕ್ಷಿಸುತ್ತಿರಲಿಲ್ಲ.

ಕಾರ್ಖಾನೆ ಮುಚ್ಚಿತು. ಮರುದಿನವೇ ಅವನ ಹೆಂಡತಿ ಅಸುಂಪ್ಟಾಳ ತಮ್ಮ ಡರ್ಮಟ್ ಅಡುಗೆಮನೆಗೆ ಬಂದು, ಟೋಪಿ ತೆಗೆದು, “ಬಾ ಭಾವ” ಎಂದ.

“ಎಲ್ಲಿಗೋ?”

“ದೋಣಿಗೆ.”

“ಏನ್ ಮಾಡೋಕೆ?”

“ಮಾತಾಡೋಕೆ.”

ಡರ್ಮಟ್ ಬೇಸಿಗೆಯಲ್ಲಿ ಪ್ರವಾಸಿಗರನ್ನು ಕರೆದೊಯ್ದು ತಿಮಿಂಗಿಲ ಮತ್ತು ಕಡಲಹಕ್ಕಿಗಳನ್ನು ತೋರಿಸುವ ದೋಣಿಯ ಒಡೆಯ. ಚುಕ್ಕಾಣಿ ಹಿಡಿಯುವುದರಲ್ಲಿ ಅವನಿಗೆ ಸಮನಿಲ್ಲ. ಆದರೆ ಬೇರೆಯವರು ಒಂದು ಲೋಟ ಚಹಾ ಮುಗಿಸುವಷ್ಟರಲ್ಲಿ ಆಡುವ ಮಾತು ಅವನಿಗೆ ಒಂದು ವರ್ಷಕ್ಕೆ ಸಾಕು. ಹಿಂದಿನ ಬೇಸಿಗೆಯಲ್ಲಿ ಅವನು ಪ್ರವಾಸಿಗರಿಗೆ ನೀಡಿದ ಒಟ್ಟು ವಿವರಣೆ “ಅದೋ” ಮತ್ತು “ಹೋಯ್ತು” ಎಂಬ ಎರಡು ಪದಗಳಿಗೆ ಸೀಮಿತವಾಗಿತ್ತು. ಜನ ಗೊಣಗಿದರು. ಲೋಯೋಲಾನಿಗೆ ಮಾತಿನ ಬರವಿರಲಿಲ್ಲ. ಅನ್ನದ ಬರ ಎದುರಿಗಿತ್ತು. ಒಪ್ಪಿಕೊಂಡ.

ದೋಣಿಯ ಕೋಣೆಯ ಹಿಂದೆ ಅವನೊಂದು ಕೆಂಪು ಬಕೆಟ್ಟನ್ನು ಸ್ಥಾಪಿಸಿದ. ಅದು ಕಡಲಿನ ನೀರನ್ನು ಪರೀಕ್ಷಿಸುವ ಉಪಕರಣವೆಂದು ಪ್ರವಾಸಿಗರಿಗೆ ತಿಳಿಸಿದ. ಪರೀಕ್ಷೆಯು ದಿನಕ್ಕೆ ನಾಲ್ಕೈದು ಬಾರಿ, ಅವನು ಒಬ್ಬಂಟಿಯಾಗಿ ಬಾಗಿ ನಿಂತು, ತೀರ ಏಕಾಗ್ರತೆಯಿಂದ ನಡೆಯುತ್ತಿತ್ತು.

ಹಕ್ಕಿಗಳ ವಿಷಯದಲ್ಲಿ ಅವನ ಪಾಂಡಿತ್ಯಕ್ಕೆ ಕೊರತೆಯಿರಲಿಲ್ಲ. ಆ ಪಾಂಡಿತ್ಯವೆಲ್ಲ ಪಾತ್ರೆಯ ಕಡೆಯಿಂದ ಬಂದದ್ದು ಎಂಬುದೊಂದೇ ತೊಡಕು. ಆ ಊರಿನವರು ಚಳಿಗಾಲದಲ್ಲಿ ಟರ್ ಎಂಬ ಕಪ್ಪು ಬಿಳುಪಿನ ಕಡಲಹಕ್ಕಿಯನ್ನು ಬೇಟೆಯಾಡಿ ತಿನ್ನುತ್ತಾರೆ. ಕೊಲ್ಲಿಯಾಚೆಯ ಹಕ್ಕಿದ್ವೀಪದ ಬಂಡೆಗಳ ಮೇಲೆ ಸಾಲುಸಾಲಾಗಿ ನಿಂತ ಆ ಜೀವಗಳನ್ನು ದುರ್ಬೀನಿನಲ್ಲಿ ನೋಡುತ್ತ ಟೊರಾಂಟೊ ಕಡೆಯ ಒಬ್ಬ ಹೆಂಗಸು ಭಾವಪರವಶಳಾಗಿ ಕೇಳಿದಳು:

“ಈ ಹಕ್ಕಿಯ ವಿಶೇಷ ಏನು?”

“ಎದೆಭಾಗ ತಾಯೀ. ಕಾಲಲ್ಲಿ ಏನೂ ಸಿಗಲ್ಲ.”

“ಅಲ್ಲ... ಚಳಿಗಾಲದಲ್ಲಿ ಇವು ಎಲ್ಲಿರ್ತವೆ?”

“ನಮ್ಮನೆ ಫ್ರೀಜರಲ್ಲಿ.”

ಆಕೆ ದುರ್ಬೀನನ್ನು ಕೆಳಗಿಳಿಸಿದಳು. ಲೋಯೋಲಾ ಪರಿಸ್ಥಿತಿಯನ್ನು ಸರಿಪಡಿಸಲು, ಈರುಳ್ಳಿ ಮತ್ತು ಉಪ್ಪಿನ ಹಂದಿಮಾಂಸ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿದರೆ ಹಕ್ಕಿಗೆ ಏನೂ ನೋವಾಗುವುದಿಲ್ಲವೆಂದು ವಿವರಿಸಿದ.

ಮೂಲ ಪ್ರಮಾದ ನಡೆದದ್ದು ಜುಲೈ ತಿಂಗಳ ಒಂದು ಮಂಜುಗವಿದ ಬೆಳಗ್ಗೆ. ಬೆರಳುದ್ದದ ಕೇಪ್ಲಿನ್ ಮೀನುಗಳು ಮೊಟ್ಟೆಯಿಡಲು ದಡಕ್ಕೆ ಬಂದು ಬೀಳುವ ಕಾಲ. ಅವುಗಳ ಬೆನ್ನು ಹತ್ತಿ ತಿಮಿಂಗಿಲಗಳೂ ಬರಬೇಕು. ಆದರೆ ಅಂದು ಮಂಜಿನ ಹೊರತು ಏನೂ ಬಂದಿರಲಿಲ್ಲ. ಹಸಿರು ಕೋಟಿನ ಒಬ್ಬ ಪ್ರವಾಸಿ ಮಹಿಳೆ ಬಹಳ ಹೊತ್ತಿನಿಂದ ನಿಟ್ಟುಸಿರು ಬಿಡುತ್ತಿದ್ದವಳು ಕೊನೆಗೆ ಎಲ್ಲರಿಗೂ ಕೇಳುವಂತೆ, “ಪಕ್ಕದ ಕೊಲ್ಲಿಯ ದೋಣಿಯವರಿಗೆ ಒಂದೊಂದು ತಿಮಿಂಗಿಲದ ಹೆಸರೂ ಗೊತ್ತಂತೆ. ಬಾಲ ನೋಡಿಯೇ ಹೇಳ್ತಾರಂತೆ” ಎಂದಳು.

ಅದೇ ಕ್ಷಣಕ್ಕೆ ಮಂಜಿನ ನಡುವೆ ಒಂದು ಭಾರಿ ಉಸಿರು ಕೇಳಿಸಿತು. ಕಪ್ಪು ಬೆನ್ನೊಂದು ಉರುಳಿತು. ಅಗಲವಾದ ಬಾಲ ಮೇಲೆದ್ದು, ನೀರು ಸುರಿಸಿ, ಮುಳುಗಿತು. ಬಾಲದ ಎಡತುದಿ ತುಂಡಾಗಿತ್ತು. ಪಕ್ಕದಲ್ಲೇ ಇನ್ನೊಂದು ಸಣ್ಣ ಬೆನ್ನು ಕಂಡು ಮಾಯವಾಯಿತು.

ದೋಣಿಯ ಕೋಣೆಯ ಗೋಡೆಯ ಮೇಲೆ ಎರಡು ಮೈಕುಗಳು ನೇತಾಡುತ್ತಿದ್ದವು. ಒಂದು ದೋಣಿಯ ಧ್ವನಿವರ್ಧಕದ್ದು, ಇನ್ನೊಂದು ರೇಡಿಯೋದ್ದು. ಎರಡೂ ಕಪ್ಪು, ಎರಡಕ್ಕೂ ಸುರುಳಿ ಬಳ್ಳಿ. ಪಕ್ಕದ ಕೊಲ್ಲಿಯ ಹೆಸರೆತ್ತಿದ್ದರಿಂದ ಕೆರಳಿದ ಲೋಯೋಲಾ ಕೈಗೆ ಸಿಕ್ಕಿದ್ದನ್ನು ಹಿಡಿದು ಗುಂಡಿಯೊತ್ತಿದ. ಅವನ ಕಂಠಕ್ಕೆ ಧ್ವನಿವರ್ಧಕ ಇದ್ದರೂ ಇಲ್ಲದಿದ್ದರೂ ದೋಣಿಯಲ್ಲಿದ್ದವರಿಗೆ ವ್ಯತ್ಯಾಸ ತಿಳಿಯುವಂತಿರಲಿಲ್ಲ.

“ಹೆಸರಾ? ತಾಯೀ, ನಮಗೆ ಹೆಸರಲ್ಲ, ಸಂಬಂಧವೇ ಗೊತ್ತು! ಅದು ನಮ್ಮ ನಿಷ್ ಮಾವ. ಹೋದ ಫೆಬ್ರವರಿಯಲ್ಲಿ ತೀರ್ಕೊಂಡ. ಬಾಲದ ಎಡತುದಿ ಇಲ್ಲ, ನೋಡಿದ್ರಾ? ಮಾವನ ಎಡಗೈಯಲ್ಲೂ ಎರಡು ಬೆರಳಿರಲಿಲ್ಲ, ರಾಟೆಗೆ ಸಿಕ್ಕಿ ಹೋಗಿದ್ವು. ಮೇಲೆ ಬರೋದು, ಬುಸ್ ಅಂತ ಉಸಿರು ಬಿಡೋದು, ಯಾರಿಗೂ ಒಂದು ಮಾತು ಹೇಳದೆ ಬೆನ್ನು ತೋರಿಸಿ ಕೆಳಗೆ ಹೋಗೋದು! ನೆಲಮಾಳಿಗೆಯಿಂದ ಅಡುಗೆಮನೆಗೆ ಬರ್ತಿದ್ದದ್ದೂ ಥೇಟ್ ಹೀಗೇ. ಉಸಿರಿನ ವಾಸನೆ ಬಂತಾ? ಅದೂ ಅವನದೇ!”

ದೋಣಿ ನಕ್ಕಿತು. ಹಸಿರು ಕೋಟಿನವಳು ಕಣ್ಣೊರೆಸಿಕೊಂಡಳು.

“ಪಕ್ಕದಲ್ಲಿ ಸಣ್ಣದು ಯಾವುದು?”

“ಅದು ಮಿಂಕಿ ಅಂತ, ಬೇರೆ ಜಾತಿ. ಎಂಜಲಿಗೋಸ್ಕರ ಹಿಂದೆ ಬೀಳುತ್ತೆ. ಲೆಕ್ಕಕ್ಕಿಲ್ಲ.”

ಆಗ ಗೋಡೆಯ ಮೇಲಿನ ರೇಡಿಯೋ ಕರಕರ ಎಂದಿತು. ಅಸುಂಪ್ಟಾಳ ಧ್ವನಿ, ತೀರ ಸಮಾಧಾನವಾಗಿ ಬಂತು.

“ರೀ, ನೀವು ಹಿಡ್ಕೊಂಡಿರೋದು ರೇಡಿಯೋದು.”

ರೇಡಿಯೋ ಮತ್ತೆ ಕರಕರ ಎಂದಿತು.

“ಮಾವನ ಮನೆಯಿಂದ ಸ್ಟೇಷಾ ಅತ್ತೆ ಕೋಟು ಹಾಕ್ಕೊಂಡು ಹೊರಟಿದಾರೆ.”

ಆರಿದೂಟದ ಪ್ರತಿಯೊಂದು ಅಡುಗೆಮನೆಯಲ್ಲೂ ಫ್ರಿಜ್ಜಿನ ಮೇಲೆ ದೋಣಿಗಳೊಡನೆ ಮಾತಾಡುವ ಒಂದು ರೇಡಿಯೋ ಇರುತ್ತದೆ. ದಿನವಿಡೀ ದೋಣಿಗಳ ಮಾತನ್ನು ಒದರುತ್ತಿರುತ್ತದೆ. ಗಂಡ ಜೀವಂತವಿದ್ದಾನೆಯೇ, ಆಲೂಗೆಡ್ಡೆ ಬೇಯಲು ಇಡಬಹುದೇ ಎಂಬೆರಡು ಪ್ರಶ್ನೆಗಳಿಗೆ ಅದರಲ್ಲೇ ಉತ್ತರ. ಅಂದು ಊರಿಗೆ ಊರೇ ಬೇರೊಂದು ಸಮಾಚಾರವನ್ನು ಕೇಳಿಸಿಕೊಂಡಿತ್ತು.

ದೋಣಿ ಮರಳುವಷ್ಟರಲ್ಲಿ ದಡದ ದೋಣಿಕಟ್ಟೆಯ ಮೇಲೆ ಜನ ನೆರೆದಿದ್ದರು. ಯಾರೂ ಮಾತಾಡುತ್ತಿರಲಿಲ್ಲ, ಆ ಊರಿನಲ್ಲಿ ಅದು ಅಪಾಯದ ಸೂಚನೆ. ಎಲ್ಲರಿಗಿಂತ ಮುಂದೆ, ಶವಸಂಸ್ಕಾರಕ್ಕೆ ಹಾಕಿಕೊಂಡಿದ್ದ ಅದೇ ಕಪ್ಪು ಕೋಟು ತೊಟ್ಟು, ಕೈಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದು, ನಿಷ್ ಮಾವನ ವಿಧವೆ ಸ್ಟೇಷಾ ಅತ್ತೆ ನಿಂತಿದ್ದಳು.

ಈ ಹೆಂಗಸಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅರ್ಧ ಊರಿಗೆ ರೊಟ್ಟಿ ಸುಡುತ್ತಿದ್ದವಳು ಅವಳು. ಬೆಳಕು ಹರಿಯುವ ಮೊದಲೇ ಅವಳ ಸೌದೆಯೊಲೆ ಹೊತ್ತಿಕೊಳ್ಳುತ್ತಿತ್ತು. ಅವಳ ಮನೆಯ ಹೊಗೆ ಯಾವ ಕಡೆ ವಾಲುತ್ತದೆಯೆಂದು ನೋಡಿಯೇ ಬೆಸ್ತರು ಗಾಳಿಯ ದಿಕ್ಕನ್ನು ನಿರ್ಧರಿಸುತ್ತಿದ್ದರು. ಫೆಬ್ರವರಿಯಲ್ಲಿ ನಿಷ್ ಮಾವ ನಿದ್ದೆಯಲ್ಲೇ, ಒಂದು ಮಾತೂ ಹೇಳದೆ ತೀರಿಕೊಂಡ ಮೇಲೆ ಆ ಒಲೆ ಹೊತ್ತಿರಲಿಲ್ಲ. ನೆರೆಯವರು ಮುಚ್ಚಿಟ್ಟು ಬರುತ್ತಿದ್ದ ತಟ್ಟೆಗಳು ಮುಚ್ಚಿದಂತೆಯೇ ಮರಳುತ್ತಿದ್ದವು. ಊರಿಗೆ ಗಾಳಿಯ ದಿಕ್ಕು ತಿಳಿಯದೆ ಐದು ತಿಂಗಳಾಗಿತ್ತು.

“ಹೇಗಿದಾನೆ?” ಎಂದಳು ಸ್ಟೇಷಾ ಅತ್ತೆ.

ಲೋಯೋಲಾ ಮೆಟ್ಟಿಲು ಹತ್ತಿ ಬಂದಿದ್ದನಾದರೂ ಕಾಲಕೆಳಗಿನ ಕಟ್ಟೆ ಇನ್ನೂ ತೂಗುತ್ತಿತ್ತು. “ಅತ್ತೆ, ಅದು ಏನಾಯ್ತು ಅಂದ್ರೆ, ನಾನು ಸುಮ್ಮನೆ...”

“ಸೊರಗಿದಾನಾ?”

“ಇಲ್ಲ ಅತ್ತೆ,” ಎಂಬ ಮಾತು ಅವನ ಅನುಮತಿಯಿಲ್ಲದೆ ಬಾಯಿಂದ ಹೊರಟಿತು, “ದಪ್ಪಗೇ ಇದಾನೆ.”

“ಹೂಂ. ಊಟ ಸರಿಯಾಗಿ ಸಿಗ್ತಿದೆ ಅಂತಾಯ್ತು.” ಆಕೆ ಕೈಚೀಲದ ಕೊಂಡಿಯನ್ನು ಟಕ್ಕೆಂದು ಹಾಕಿದಳು. “ನಾಳೆ ಎಷ್ಟು ಹೊತ್ತಿಗೆ ಹೊರಡ್ತೀರಾ?”

ಆ ಸಂಜೆ ಡಿನ್ ಕುಟುಂಬದಲ್ಲಿ ಮಾತಿನ ಬಿರುಗಾಳಿ ಬೀಸಿತು. ಅದು ಒಂದೇ ದಿಕ್ಕಿನಿಂದ ಬೀಸಿತೆಂಬುದಕ್ಕೆ, ಅವರ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಈ ಕಥನಕಾರನೇ ಸಾಕ್ಷಿ.

“ಸತ್ತೋರ ಹೆಸರಲ್ಲಿ ತಮಾಷೆ! ನಾಚಿಕೆ ಆಗಲ್ವೇನ್ರೀ? ಬೆಳಗ್ಗೆ ಎದ್ದು ಹೋಗಿ ಅತ್ತೆ ಕಾಲಿಗೆ ಬಿದ್ದು ನಿಜ ಹೇಳ್ಬೇಕು. ಹೇಳ್ದೇ ಇದ್ರೆ ಈ ಮನೇಲಿ ಚಹಾ ಇಲ್ಲ!”

ಚಹಾ ಇಲ್ಲದ ಬದುಕನ್ನು ಲೋಯೋಲಾ ಕಲ್ಪಿಸಿಕೊಳ್ಳಲಾರದವನಾಗಿದ್ದ. ಬೆಳಗ್ಗೆದ್ದು, ತಲೆ ಬಾಚಿ, ತಪ್ಪೊಪ್ಪಿಗೆಯ ಮಾತುಗಳನ್ನು ಬಾಯಿಪಾಠ ಮಾಡುತ್ತ ಬಾಗಿಲು ತೆರೆದ. ತೆರೆದವನು ಹಾಗೇ ನಿಂತ. ಹಿಂದೆ ಬಂದ ಅಸುಂಪ್ಟಾಳೂ ನಿಂತಳು. ಎದುರುದಿಣ್ಣೆಯಲ್ಲಿ ಸ್ಟೇಷಾ ಅತ್ತೆಯ ಮನೆಯ ಮೇಲೆ ಹೊಗೆ ಏಳುತ್ತಿತ್ತು. ಅದು ನಿಧಾನವಾಗಿ ಎದ್ದು, ಪೂರ್ವಕ್ಕೆ ವಾಲಿತು. ಕಟ್ಟೆಯ ಮೇಲೊಬ್ಬ ಮುದುಕ ಟೋಪಿ ತೆಗೆದು, “ಪಡುವಣ ಗಾಳಿ” ಎಂದು ಎಲ್ಲರಿಗೂ ಸಾರಿದ.

ಅಸುಂಪ್ಟಾ ಗಂಡನ ಕೊರಳಪಟ್ಟಿ ಹಿಡಿದು ಒಳಗೆಳೆದಳು.

“ಒಂದೇ ಒಂದು ಮಾತು ಬಾಯಿ ಬಿಟ್ರೆ ನೋಡಿ, ಹೊಲಿದುಬಿಡ್ತೀನಿ!”

ಸ್ಟೇಷಾ ಅತ್ತೆ ದೋಣಿ ಹತ್ತುವಾಗ ಕಟ್ಟೆಯ ಮುದುಕರು ಆಕಾಶವನ್ನು ನೋಡಿದರು. ಹೆಂಗಸು ಕಾಲಿಟ್ಟ ದೋಣಿಗೆ ಮೀನು ಬೀಳುವುದಿಲ್ಲವೆಂಬುದು ಹಳಬರ ನಂಬಿಕೆ. ಅದರ ಕಟ್ಟಾ ಪಾಲಕ ನಿಷ್ ಮಾವ. ಅವನ ದೋಣಿಗೆ ಹೆಣ್ಣು ಬೆಕ್ಕೂ ಹತ್ತಿದ್ದಿಲ್ಲ. ಕೊಲ್ಲಿಯ ಬಾಯಲ್ಲಿರುವ ಕುದುರೆಮೂಗಿನ ಬಂಡೆಯ ಆಚೆ ಏನಿದೆಯೆಂಬುದನ್ನು ಸ್ಟೇಷಾ ಅತ್ತೆ ಮದುವೆಯಾಗಿ ಬಂದಂದಿನಿಂದ ಗಂಡನ ಬಾಯಿಂದ ಕೇಳಿದ್ದಷ್ಟೇ, ಅಂದರೆ ಏನೂ ಕೇಳಿರಲಿಲ್ಲ.

“ಹೆಂಗಸು ಅಲ್ವೇನೋ ಡರ್ಮಟ್?” ಎಂದು ಒಬ್ಬ ಮುದುಕ ಗೊಣಗಿದ.

ಡರ್ಮಟ್ ದೀರ್ಘವಾಗಿ ಯೋಚಿಸಿ ತೀರ್ಪು ಕೊಟ್ಟ: “ಟಿಕೆಟ್ ತಗೊಂಡಿದಾರೆ. ಪ್ರವಾಸಿ.”

ಬಂಡೆ ದಾಟಿದ ಕೊಂಚ ಹೊತ್ತಿಗೆ, ಯಾರ ಪುಣ್ಯವೋ, ತುದಿ ಮುರಿದ ಬಾಲ ಮತ್ತೆ ಕಾಣಿಸಿತು. ಸ್ಟೇಷಾ ಅತ್ತೆ ಕಂಬಿಯ ಬಳಿ ನಡೆದು, ಕೈಚೀಲವನ್ನು ತೋಳಿಗೆ ಸಿಕ್ಕಿಸಿಕೊಂಡು, ಗಂಟಲು ಸರಿಮಾಡಿಕೊಂಡು, ನಿಷ್ ಮಾವನನ್ನು ಪೂರ್ಣ ಹೆಸರಿನಿಂದಲೇ ಕರೆದಳು.

“ಇಗ್ನೇಷಿಯಸ್! ನೆಲಮಾಳಿಗೆ ಪಂಪು ಹೇಗೆ ಚಾಲೂ ಮಾಡೋದು ಅಂತ ಒಂದು ಮಾತು ಹೇಳಿ ಹೋಗ್ಬಾರ್ದಿತ್ತೇನೋ? ಏಪ್ರಿಲ್ ಪೂರ್ತಿ ನೀರು ತುಂಬಿತ್ತು ಗೊತ್ತಾ? ನಿನ್ನ ಬೂಟುಗಳು ತೇಲ್ತಾ ಇದ್ವು!”

ತಿಮಿಂಗಿಲ ಬುಸ್ಸೆಂದು ಉಸಿರು ಬಿಟ್ಟು ಮುಳುಗಿತು.

“ನೋಡಿ,” ಎಂದಳು ಆಕೆ ಪ್ರವಾಸಿಗರತ್ತ ತಿರುಗಿ, “ಜೀವಮಾನವೆಲ್ಲ ಇದೇ ಉತ್ತರ.”

ಪ್ರವಾಸಿಗರ ಪೈಕಿ ಗಂಡಸರು ತಲೆ ತಗ್ಗಿಸಿದರು; ಹೆಂಗಸರು ಗಂಡಸರನ್ನು ನೋಡಿದರು. ಮರುದಿನದಿಂದ ದೋಣಿಯಲ್ಲಿ ಕೂರಲು ಜಾಗವಿಲ್ಲದಂತಾಯಿತು. ಅತ್ತೆ ದಿನವೂ ಬಿಸಿರೊಟ್ಟಿಯ ಬುಟ್ಟಿಯೊಂದಿಗೆ ಬಂದು, ಕಾಕಂಬಿ ಹಚ್ಚಿ ಎಲ್ಲರಿಗೂ ಹಂಚಿ, ಗಂಡನಿಗೆ ದಿನದ ಬೈಗುಳ ಸಲ್ಲಿಸಿ ಮರಳುತ್ತಿದ್ದಳು. ಅದನ್ನು ಕೇಳಲು ಅಡುಗೆಮನೆಗಳಲ್ಲಿ ಜನ ಕೆಲಸ ಬಿಟ್ಟು ಕೂರತೊಡಗಿದರು. ಲೋಯೋಲಾ ಒಂದು ಕೈಯಲ್ಲಿ ಧ್ವನಿವರ್ಧಕದ ಮೈಕನ್ನೂ ಇನ್ನೊಂದರಲ್ಲಿ ರೇಡಿಯೋದ್ದನ್ನೂ ಹಿಡಿಯಬೇಕೆಂದು ಊರಿನ ಹೆಂಗಸರಿಂದ ಆಜ್ಞೆಯಾಯಿತು. ಬಕೆಟ್ಟನ್ನು ಹಿಡಿಯಲು ಅವನಿಗೆ ಕೈಯೇ ಉಳಿಯಲಿಲ್ಲ.

ಮೂರನೆಯ ದಿನ ನೆರೆಮನೆಯ ಕ್ಲೆಮ್ ಯಾರ್ಡ್ ದೋಣಿ ಹತ್ತಿದ. ಅವನಿಗೂ ನಿಷ್ ಮಾವನಿಗೂ ಒಂದು ಏಣಿಯ ವಿಷಯದಲ್ಲಿ ಹತ್ತು ವರ್ಷಗಳ ಮಾತಿಲ್ಲದ ಜಗಳ.

“ನಿಷ್!” ಎಂದು ಕ್ಲೆಮ್ ಕಂಬಿ ಹಿಡಿದು ಅರಚಿದ. “ಸತ್ತಮೇಲಾದ್ರೂ ಹೇಳೋ! ನನ್ನ ಏಣಿ ಎಲ್ಲಿಟ್ಟಿದೀಯ?”

ಬಾಲ ಎದ್ದು, ಕೊಂಚ ಎಡಕ್ಕೆ ವಾಲಿ, ಮುಳುಗಿತು. ಕ್ಲೆಮ್ ದಡಕ್ಕೆ ಬಂದವನೇ ಎಡಗಡೆಗೆ ಹೊರಟ. ಎಡಗಡೆಗೇ ತಿರುಗುತ್ತ ಹೋದವನು ಕೊನೆಗೆ ತನ್ನ ಸ್ವಂತ ಕೊಟ್ಟಿಗೆಯೊಳಗೆ ಹೊಕ್ಕು, ಹಳೆಯ ಬಲೆಗಳಡಿ ಏಣಿಯನ್ನು ಕಂಡ. ಏಣಿ ಅಲ್ಲಿಗೆ ಹೇಗೆ ಬಂತು, ಹತ್ತು ವರ್ಷ ಯಾರ ತಪ್ಪಿನಿಂದ ಅಲ್ಲಿತ್ತು ಎಂದು ಯಾರೂ ಕೇಳಲಿಲ್ಲ. ಪವಾಡವೆಂದು ಎಲ್ಲರೂ ಒಪ್ಪಿದರು. ಎಲ್ಲರಿಗಿಂತ ಮೊದಲು ಕ್ಲೆಮ್ ಒಪ್ಪಿದ. ತಿಮಿಂಗಿಲದ ಪಕ್ಕದಲ್ಲಿ ಕಾಣುವ ಸಣ್ಣ ಬೆನ್ನು ಮಾವನ ಹಳೆಯ ನಾಯಿಯದೇ ಇರಬೇಕೆಂದೂ ಅವನೇ ಪತ್ತೆಹಚ್ಚಿದ.

ಆ ವಾರದಲ್ಲೇ ಮೀನುಗಾರಿಕೆ ಅಧಿಕಾರಿ ಬ್ರಾಡ್ ಶೀವ್ಸ್ ಕಟ್ಟೆಗೆ ಬಂದ. ಇಸ್ತ್ರಿ ಮಾಡಿದ ಷರಟು, ಇಸ್ತ್ರಿ ಮಾಡಿದ ಮುಖ.

“ತಿಮಿಂಗಿಲದಿಂದ ನೂರು ಮೀಟರ್ ದೂರ ಇರ್ಬೇಕು. ದೂರು ಬಂದಿದೆ.”

“ಅವನು ನನ್ನ ಗಂಡ ಕಣಪ್ಪಾ,” ಎಂದಳು ಸ್ಟೇಷಾ ಅತ್ತೆ.

“ಕಾನೂನಿನಲ್ಲಿ ಗಂಡಂದಿರ ವಿಷಯ ಬಂದಿಲ್ಲ, ಅಮ್ಮ.”

“ಬದುಕಿದ್ದಾಗ ಇದಕ್ಕಿಂತ ದೂರಾನೇ ಇರ್ತಿದ್ದ. ಈಗ ನೀನು ಹೊಸದಾಗಿ ಟೇಪು ಹಿಡೀಬೇಡ. ರೊಟ್ಟಿ ತಗೋ.”

ಅಧಿಕಾರಿ ರೊಟ್ಟಿ ತಗೊಂಡ. ಆದರೆ ಶನಿವಾರ ತಾನೇ ದೋಣಿಯಲ್ಲಿ ಬಂದು ದೂರವನ್ನು ಪರೀಕ್ಷಿಸುವುದಾಗಿ, ಬಾಯಿ ತುಂಬಿಕೊಂಡೇ ಎಚ್ಚರಿಸಿದ.

ಅಧಿಕಾರಿಯನ್ನು ರೊಟ್ಟಿಯಿಂದ ತಣಿಸಬಹುದಾಗಿತ್ತು, ಪಾದ್ರಿಯನ್ನಲ್ಲ. ತಿಮಿಂಗಿಲದ ಕ್ಷೇಮಕ್ಕಾಗಿ ಪೂಜೆ ಹೇಳಿಸಬೇಕೆಂದು ಇಬ್ಬರು ಹೆಂಗಸರು ಕೇಳಿಕೊಂಡದ್ದೇ ತಡ, ಫಾದರ್ ಲಾಹಿ ಛತ್ರಿ ಬೀಸುತ್ತ ಡಿನ್ ಅವರ ಅಡುಗೆಮನೆಗೆ ಬಂದರು.

“ಲೋಯೋಲಾ! ಆ ಮನುಷ್ಯನಿಗೆ ಸಕಲ ವಿಧಿಗಳನ್ನೂ ಮಾಡಿ, ಹಿಮದಲ್ಲಿ ನಿಂತು, ಮಂಡಿನೋವು ತರಿಸ್ಕೊಂಡು ನಾನು ಸ್ವರ್ಗಕ್ಕೆ ಕಳಿಸಿದೀನಿ. ಈಗ ಅವನು ಕೊಲ್ಲೀಲಿ ಕೇಪ್ಲಿನ್ ತಿನ್ಕೊಂಡು ಓಡಾಡ್ತಿದಾನೆ ಅಂದ್ರೆ ನನ್ನ ಕೆಲಸಕ್ಕೇನು ಮರ್ಯಾದೆ? ಶನಿವಾರ ನಾನೂ ದೋಣೀಲಿ ಬರ್ತೀನಿ. ಎಲ್ಲರ ಎದುರಿಗೆ ನಿಜ ಹೇಳ್ತೀಯ. ಹೇಳಿಲ್ವೋ, ಭಾನುವಾರ ಚರ್ಚಲ್ಲಿ ನಾನೇ ವೇದಿಕೆ ಮೇಲಿಂದ ಹೇಳ್ತೀನಿ, ನಿನ್ನ ಹೆಸರು ಹಿಡಿದು!”

ಪಾದ್ರಿ ಹೋದ ಮೇಲೆ ಅಸುಂಪ್ಟಾ ಕಿಟಕಿಯಾಚೆಗೆ ಕೈ ತೋರಿಸಿದಳು. ಎದುರುದಿಣ್ಣೆಯ ಹೊಗೆ ಸಂಜೆಯ ಬೆಳಕಿನಲ್ಲಿ ನೇರವಾಗಿ ನಿಂತಿತ್ತು.

“ನಿಮ್ಮ ನಿಜದಿಂದ ಆ ಒಲೆ ಆರಿಹೋದ್ರೆ,” ಎಂದಳು ಆಕೆ, “ಇನ್ಮೇಲೆ ನೀವು ಮಲಗೋದು ದೋಣೀಲಿ.”

ಇಕ್ಕಟ್ಟೆಂದರೆ ಏನೆಂಬುದನ್ನು ಲೋಯೋಲಾ ಆ ರಾತ್ರಿ ಮಗ್ಗುಲು ಬದಲಿಸುತ್ತ ಮನಗಂಡ. ಸುಮ್ಮನಿದ್ದರೆ ಚರ್ಚಿನಲ್ಲಿ ಮಾನಹಾನಿ. ನಿಜ ನುಡಿದರೆ ಅತ್ತೆಯ ಒಲೆಗೆ ನೀರು, ಡರ್ಮಟನ ದೋಣಿಗೆ ನಷ್ಟ, ತನಗೆ ಅಲುಗುವ ಹಾಸಿಗೆ. ಪಕ್ಕದ ಕೊಲ್ಲಿಯವರಿಗೆ ತಿಮಿಂಗಿಲಗಳ ಹೆಸರು ಗೊತ್ತಿದ್ದರೆ ಗೊತ್ತಿರಲಿ, ತನಗೇನಾಗಬೇಕಿತ್ತು!

ಶನಿವಾರ ಮಂಜು ಹರಿದಿತ್ತು, ಆದರೆ ಅಲೆ ಎದ್ದಿತ್ತು. ದೋಣಿಯ ಮುಂಭಾಗದಲ್ಲಿ ಛತ್ರಿಯೂರಿ ಫಾದರ್ ಲಾಹಿ, ಕಂಬಿಯ ಬಳಿ ದುರ್ಬೀನು ಹಿಡಿದ ಶೀವ್ಸ್, ಬುಟ್ಟಿಯ ಪಕ್ಕ ಸ್ಟೇಷಾ ಅತ್ತೆ, ಕ್ಲೆಮ್, ಅಸುಂಪ್ಟಾ, ಉಳಿದೆಡೆಯೆಲ್ಲ ಪ್ರವಾಸಿಗರು. ಕುದುರೆಮೂಗಿನ ಬಂಡೆ ದಾಟಿದಾಗ ಪಾದ್ರಿ ಕೆಮ್ಮಿದರು. ಲೋಯೋಲಾ ಎರಡೂ ಮೈಕುಗಳನ್ನು ಎತ್ತಿಕೊಂಡ. ಅವನ ಮುಖ ಆಗಲೇ ಹಸಿ ಬಟಾಣಿಯ ಬಣ್ಣಕ್ಕೆ ತಿರುಗಿತ್ತು.

“ಪ್ರಿಯ ಬಂಧುಗಳೇ, ನಾನು ನಿಮ್ಮೆಲ್ಲರ ಮುಂದೆ ಒಂದು ಸತ್ಯವನ್ನ...”

ದೋಣಿ ಅಲೆಯ ನೆತ್ತಿಯಿಂದ ಜಾರಿತು. ಲೋಯೋಲಾ ಬಕೆಟ್ಟಿನತ್ತ ಓಡಿದ. ಮೈಕುಗಳು ಅವನ ಮುಷ್ಟಿಯಲ್ಲೇ ಇದ್ದವು.

ಊರಿನ ಅಡುಗೆಮನೆಗಳಿಗೆ ಸತ್ಯವು ಈ ರೀತಿ ತಲುಪಿತು.

“ಮುಂದುವರಿಸು ಮಗನೇ,” ಎಂದರು ಪಾದ್ರಿ.

“ಸತ್ಯ ಏನಪ್ಪಾ ಅಂದ್ರೆ, ನಿಷ್ ಮಾವ...” ಮತ್ತೆ ಬಕೆಟ್ಟು.

“ಪಾಪ, ಮಾವನ ನೆನಪಾದ್ರೆ ಹೊಟ್ಟೆ ಕಿವುಚುತ್ತೆ ಅವನಿಗೆ,” ಎಂದು ಕ್ಲೆಮ್ ಕಣ್ಣೊರೆಸಿಕೊಂಡ.

ಮೂರನೆಯ ಬಾರಿ ಲೋಯೋಲಾ ಬಾಯಿ ತೆರೆಯುವಷ್ಟರಲ್ಲಿ ಡರ್ಮಟ್ ಎಂಜಿನ್ ನಿಲ್ಲಿಸಿದ. “ಅದೋ” ಎಂದ.

ತಿಮಿಂಗಿಲ ದೂರದಲ್ಲಿರಲಿಲ್ಲ. ನಿಂತ ದೋಣಿಯ ಕಡೆಗೆ, ಕಾನೂನಿನ ಪರಿವೆಯಿಲ್ಲದೆ, ತಾನಾಗಿಯೇ ತೇಲಿ ಬರುತ್ತಿತ್ತು. ಅಧಿಕಾರಿ ನೂರು ಮೀಟರುಗಳ ನಿಯಮ ದೋಣಿಗೆ ಮಾತ್ರವೋ ತಿಮಿಂಗಿಲಕ್ಕೂ ಅನ್ವಯವೋ ಎಂದು ಬಾಯೊಳಗೇ ಚರ್ಚಿಸುತ್ತ ದುರ್ಬೀನನ್ನು ಕಣ್ಣಿಗೇರಿಸಿದ. ಮೊದಲ ಬಾರಿಗೆ, ಬಿಸಿಲಿನಲ್ಲಿ, ಆ ಸಣ್ಣ ಬೆನ್ನೂ ಸ್ಪಷ್ಟವಾಗಿ ಕಂಡಿತು. ಅದು ದೊಡ್ಡದರ ಹೊಟ್ಟೆಗೆ ಒತ್ತಿಕೊಂಡು, ಅದರಡಿ ನುಸುಳಿ, ಮತ್ತೆ ಮೇಲೆ ಬಂದು ಬೆನ್ನಿನ ಮೇಲೆ ಉರುಳಾಡುತ್ತಿತ್ತು.

“ಅದು ಮಿಂಕಿ ಅಲ್ಲ,” ಎಂದ ಶೀವ್ಸ್. ಅವನ ಧ್ವನಿಯ ಇಸ್ತ್ರಿ ಕೆಟ್ಟಿತ್ತು. “ನಾಯಿಯೂ ಅಲ್ಲ. ಮರಿ ಅದು. ಹಾಲು ಕುಡೀತಾ ಇದೆ.”

ನೀರು ದೋಣಿಯ ಪಕ್ಕೆಗೆ ಬಡಿಯುತ್ತಿತ್ತು. ಆ ಮಾತಿನ ಅರ್ಥ ಒಬ್ಬೊಬ್ಬರ ಮುಖದ ಮೇಲೂ ಸರದಿಯಂತೆ ಇಳಿಯಿತು. ಫಾದರ್ ಲಾಹಿ ಛತ್ರಿಯನ್ನು ಎರಡು ಸಲ ನೆಲಕ್ಕೆ ಕುಟ್ಟಿದರು.

“ಅಂದ್ರೆ ಅದು ಹೆಣ್ಣು! ತಾಯಿ! ಈಗ ಏನಂತೀಯ, ಸ್ಟೇಷಾ?”

ಲೋಯೋಲಾ ಬಕೆಟ್ಟಿನಿಂದ ತಲೆಯೆತ್ತಿ ಅತ್ತೆಯನ್ನು ನೋಡಿದ. ಅವನ ಕಣ್ಣಿಗೆ ಕಂಡದ್ದು ಅತ್ತೆಯಲ್ಲ, ತಣ್ಣಗಾದ ಒಲೆ.

ಸ್ಟೇಷಾ ಅತ್ತೆ ಕಂಬಿಯ ಮೇಲೆ ಬಾಗಿ, ಕಣ್ಣು ಕಿರಿದುಗೊಳಿಸಿ, ಬಹಳ ಹೊತ್ತು ದಿಟ್ಟಿಸಿದಳು. ಅವಳ ಭುಜಗಳು ನಡುಗತೊಡಗಿದವು. ಅಸುಂಪ್ಟಾ ಹಿಡಿದುಕೊಳ್ಳಲು ಓಡಿದಳು. ಓಡಿದವಳು ಹತ್ತಿರ ಹೋಗಿ ನಿಂತುಬಿಟ್ಟಳು. ಏಕೆಂದರೆ ಮುದುಕಿ ನಗುತ್ತಿದ್ದಳು. ಫೆಬ್ರವರಿಯ ನಂತರ ಮೊದಲ ಸಲ, ಕೈಚೀಲವನ್ನು ತೊಡೆಗೆ ಬಡಿದುಕೊಂಡು, ಉಸಿರು ಸಿಕ್ಕಿಕೊಳ್ಳುವಂತೆ ನಗುತ್ತಿದ್ದಳು.

“ಆರು ಮಕ್ಕಳು!” ಎಂದು ಅವಳು ಕಡಲಿಗೆ ಕೂಗಿದಳು. “ಆರು ಮಕ್ಕಳನ್ನ ಹೆತ್ತು ಸಾಕಿದೆನಲ್ಲೋ, ಒಂದು ದಿನ ತೊಟ್ಟಿಲು ತೂಗಿದೀಯಾ? ಮಗು ಅತ್ರೆ ಬಲೆ ನೋಡ್ಬೇಕು ಅಂತ ಎದ್ದು ಹೋಗ್ತಿದ್ದೆ! ಈಗ ನಿನ್ನ ಸರದಿ ಇಗ್ನೇಷಿಯಸ್! ಕುಡಿಸು ಹಾಲು! ರಾತ್ರಿಯೆಲ್ಲ ಕುಡಿಸು! ಬೆನ್ನ ಮೇಲೆ ಹೊತ್ಕೊಂಡು ತಿರುಗು!”

ತಿಮಿಂಗಿಲ ಬುಸ್ಸೆಂದಿತು.

“ಸುಸ್ತಾ? ಆಗ್ಲಿ, ಆಗ್ಲಿ!”

ದೋಣಿಗೆ ದೋಣಿಯೇ ಬಿದ್ದುಬಿದ್ದು ನಕ್ಕಿತು. ನಗಲಾರದೆ ನಿಂತಿದ್ದವರು ಪಾದ್ರಿಯೊಬ್ಬರೇ. ಅವರು ಮರಿ ತಾಯಿಯ ಬೆನ್ನೇರುವುದನ್ನೂ, ಜಾರುವುದನ್ನೂ, ಮತ್ತೆ ಏರುವುದನ್ನೂ, ತಾಯಿ ನಿಟ್ಟುಸಿರಿಡುವುದನ್ನೂ ಗಮನಿಸಿ ನೋಡಿದರು. ಕ್ರಮೇಣ ಅವರ ಹುಬ್ಬುಗಳು ಸಡಿಲವಾದವು.

“ಇದು ಸ್ವರ್ಗ ಅಲ್ಲ ಅನ್ನೋದಂತೂ ಖಂಡಿತ,” ಎಂದರು. “ಪಾಪ ಕಳೆಯುವ ನಡುಲೋಕ ಅಂತ ಬೇಕಾದ್ರೆ ಹೇಳ್ಬಹುದು. ಅದಕ್ಕೆ ಧರ್ಮದ ಅಡ್ಡಿ ಏನಿಲ್ಲ... ರೊಟ್ಟಿ ಉಳಿದಿದೆಯಾ, ಸ್ಟೇಷಾ?”

ಮರಳುವ ದಾರಿಯಲ್ಲಿ ಸ್ಟೇಷಾ ಅತ್ತೆ ಕೋಣೆಯ ಹಿಂದಕ್ಕೆ ಬಂದು, ಬಕೆಟ್ಟಿನ ಪಕ್ಕ ಕುಸಿದಿದ್ದ ಲೋಯೋಲಾನ ಬಳಿ ಕುಳಿತಳು. ಕೈಯಲ್ಲಿ ರೊಟ್ಟಿಯ ಒಣ ಅಂಚಿತ್ತು.

“ತಿನ್ನು. ಒಣಗಿದ್ದು ತಿಂದ್ರೆ ಹೊಟ್ಟೆ ನಿಲ್ಲುತ್ತೆ.”

“ಅತ್ತೆ,” ಎಂದ ಲೋಯೋಲಾ ನರಳುತ್ತ, “ಆ ಮಾತು... ನಾನು ಸುಳ್ಳು...”

“ತಿನ್ನೋ ಸುಮ್ನೆ. ಗಂಡ ಯಾವುದು, ತಿಮಿಂಗಿಲ ಯಾವುದು ಅಂತ ಗೊತ್ತಾಗದಷ್ಟು ಕಣ್ಣು ಮಂಜಾಗಿಲ್ಲ ನಂಗೆ.”

ಲೋಯೋಲಾನ ಬಾಯಲ್ಲಿ ರೊಟ್ಟಿ ಹಾಗೇ ನಿಂತಿತು. ಅತ್ತೆ ಹಿಂದಕ್ಕೆ ಸರಿಯುತ್ತಿದ್ದ ಕುದುರೆಮೂಗಿನ ಬಂಡೆಯನ್ನೂ, ಅದರಾಚೆ ಹಕ್ಕಿದ್ವೀಪದ ಮೇಲೆ ಹಾರುತ್ತಿದ್ದ ಹಕ್ಕಿಗಳ ದಟ್ಟಣೆಯನ್ನೂ ನೋಡುತ್ತಿದ್ದಳು.

“ಐವತ್ತು ವರ್ಷ ಕಿಟಕೀಲಿ ಆ ಬಂಡೆ ನೋಡಿದೀನಿ ಕಣೋ. ಆಚೆ ಏನಿದೆ ಅಂದ್ರೆ ‘ನೀರು’ ಅಂತಿದ್ದ. ಇಷ್ಟೊಂದು ಹಕ್ಕಿ ಇದೆ ಅಂತ ಒಂದಿನ ಹೇಳ್ಲಿಲ್ಲ. ಫೆಬ್ರವರೀಲಿ ಗಂಡ ಸತ್ತೋಳು ಜುಲೈನಲ್ಲಿ ದೋಣಿ ವಿಹಾರಕ್ಕೆ ಹೊರಟಳು ಅಂದಿದ್ರೆ ಈ ಊರು ಸುಮ್ನಿರ್ತಿತ್ತಾ? ಗಂಡನ್ನ ನೋಡೋಕೆ ಹೋಗ್ತೀನಿ ಅಂದ್ರೆ ಯಾರು ತಾನೇ ಬೇಡ ಅಂತಾರೆ?” ಅವಳು ಕೋಟಿನ ಮೇಲೆ ಬಿದ್ದ ರೊಟ್ಟಿಯ ಚೂರುಗಳನ್ನು ಕೊಡವಿದಳು. “ಬೈಯೋಕೆ ಒಂದು ಜಾಗ ಬೇಕಾಗಿತ್ತು. ಮನೇಲಿ ಬೈದ್ರೆ ಗೋಡೆ ಕೇಳಿಸ್ಕೊಳ್ಳಲ್ಲ. ಇದು ಉಸಿರಾದ್ರೂ ಬಿಡುತ್ತೆ.”

ಆಮೇಲೆ ಅವನ ಕೈಯಿಂದ ಮೈಕುಗಳನ್ನು ಬಿಡಿಸಿಕೊಂಡು, “ಇಲ್ಲಿ ಕೊಡು. ನಿನ್ನ ಮುಖ ನೋಡಿದ್ರೆ ಹಕ್ಕಿಗಳೂ ಹೆದರ್ತವೆ,” ಎಂದು ಎದ್ದು ಹೋದಳು.

ಮಾತುಗಾರನ ಕೆಲಸ ಆ ದಿನದಿಂದ ಅವಳದಾಯಿತು. ಅವಳ ಹೊಟ್ಟೆ ಯಾವ ಅಲೆಗೂ ಅಲುಗುತ್ತಿರಲಿಲ್ಲ. ಐವತ್ತು ವರ್ಷ ಕೂಡಿಟ್ಟ ಮಾತಿಗೆ ಬೇಸಿಗೆ ಸಾಲುತ್ತಿರಲಿಲ್ಲ. ಡರ್ಮಟ್ ಈ ಏರ್ಪಾಡನ್ನು “ಹೂಂ” ಎಂಬ ಸುದೀರ್ಘ ಭಾಷಣದ ಮೂಲಕ ಅನುಮೋದಿಸಿದ. ಲೋಯೋಲಾನಿಗೆ ಕಟ್ಟೆಯ ಮೇಲೆ ಟಿಕೆಟು ಹರಿಯುವ ಗೂಡು ಸಿಕ್ಕಿತು. ಅದರ ನೆಲ ಸಿಮೆಂಟಿನದು. ಅವನು ಮೊದಲ ದಿನ ಒಳಹೊಕ್ಕು, ಎರಡೂ ಪಾದಗಳನ್ನು ಊರಿ, ಕಣ್ಣು ಮುಚ್ಚಿ ನಿಂತದ್ದನ್ನು ಕಂಡವರು ಅವನು ಪ್ರಾರ್ಥಿಸುತ್ತಿದ್ದಾನೆಂದು ತಿಳಿದರು. ಅದು ತಪ್ಪೇನೂ ಅಲ್ಲ.

ಆಗಸ್ಟ್ ಮುಗಿಯುತ್ತ ಬಂದಂತೆ ಕೇಪ್ಲಿನ್ ತೀರಿತು, ಪಫಿನ್ ಹಕ್ಕಿಗಳು ಬಂಡೆಗಳನ್ನು ತೊರೆದು ಕಡಲಿಗೆ ಹೊರಟವು. ಒಂದೇ ಊರಿನಲ್ಲಿ ಹೆಚ್ಚು ಕಾಲ ನಿಂತರೆ ಕಥನಕಾರನ ಕಾಲುಗಳೂ ಸಿಮೆಂಟಾಗುತ್ತವೆ. ನನ್ನ ಟ್ರಂಕನ್ನು ಮಹಡಿಯಿಂದ ಇಳಿಸಿ, ಹಗ್ಗ ಬಿಗಿದು, ಅಸುಂಪ್ಟಾ ಕಟ್ಟಿಕೊಟ್ಟ ರೊಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡೆ. ಎದುರುದಿಣ್ಣೆಯ ಹೊಗೆ ಪಡುವಣಕ್ಕೆ ವಾಲುತ್ತಿತ್ತು. ನಾನು ಹೋಗಬೇಕಾದ ದಾರಿಯೂ ಅತ್ತಲೇ. ಹೊಸ್ತಿಲು ದಾಟುವಾಗ ಫ್ರಿಜ್ಜಿನ ಮೇಲಿನ ರೇಡಿಯೋ ಕರಕರ ಎಂದಿತು.

“ಎಡಗಡೆ ನೋಡಿ, ಇಗ್ನೇಷಿಯಸ್ ಬಂದ. ಯಾರೂ ಕೂಗಬೇಡಿ, ಕೈ ಬೀಸಬೇಡಿ. ಮಗು ಈಗ ತಾನೇ ಮಲಗಿದೆ.”

ನಾನು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು, ಟ್ರಂಕನ್ನು ಹೆಗಲಿಗೇರಿಸಿ ಹೊರಟೆ.